ಪದವಿಗೆ ಕಂಪನಿಯ ಮುದ್ರೆ ಬೇಡ

ಕಂಪ್ಯೂಟರ್ ಸೈನ್ಸ್ ಓದುವ ಎಲ್ಲರೂ ಆರನೇ ಸೆಮಿಸ್ಟರ್ ಮುಗಿಯುವುದರೊಳಗೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆ ಪಾಸು ಮಾಡಿರಲೇಬೇಕು, ಇಲ್ಲದಿದ್ದರೆ ನೆಟ್‌ವರ್ಕ್ಸ್ ವಿಷಯದ ಕ್ರೆಡಿಟ್ ಸಿಗದು ಎಂಬ ಪ್ರಸ್ತಾಪ ನಾನು ಪಾಠ ಮಾಡುವ ಸ್ವಾಯತ್ತ ಕಾಲೇಜಿನ ಪಠ್ಯಮಂಡಳಿಯ ಮುಂದಿದೆ. ನಾನು ಇದನ್ನು ವಿರೋಧಿಸಿದ್ದೇನೆ. ನನ್ನ ವಿರೋಧಕ್ಕೆ ಸಹೋದ್ಯೋಗಿಗಳಿಂದ, ಪ್ಲೇಸ್‌ಮೆಂಟ್ ವಿಭಾಗದಿಂದ, ಕೆಲವು ಹಳೆಯ ವಿದ್ಯಾರ್ಥಿಗಳಿಂದ ಬಂದ ಉತ್ತರಗಳನ್ನೆಲ್ಲ ಓದಿದ್ದೇನೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಅವರು ಬರೆದಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಉತ್ತರ ಕೊಡಬೇಕಾದದ್ದು ನನ್ನ ಕರ್ತವ್ಯ.

ಎಲ್ಲರೂ ಮುಂದಿಟ್ಟಿರುವುದು ಕೆಲಸದ ಮಾತು. ಕಂಪನಿಗಳು ಸರ್ಟಿಫಿಕೇಟ್ ಕೇಳುತ್ತವೆ, ನಿಜ. ಯಾವ ಕೆಲಸಕ್ಕೆ? ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ. ಅದು ಗೌರವದ ಕೆಲಸ. ನಡುರಾತ್ರಿ ಲಿಂಕ್ ಕಡಿದರೆ ಎದ್ದು ಕೂರುವವರು ಅವರೇ. ಆ ದಾರಿ ಹಿಡಿಯುವವರು ಸಿಸಿಎನ್‌ಎ ಮಾಡಲಿ, ಸಂಜೆ ಹೊತ್ತು ಕೂತು ನಾನೇ ಹೇಳಿಕೊಡುತ್ತೇನೆ. ಆದರೆ ನಮ್ಮ ವಿಭಾಗದಿಂದ ಹೊರಬೀಳುವ ಮಕ್ಕಳಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಬರೆಯಲು ಹೋಗುತ್ತಾರೆ. ಸಿಸ್ಕೊ, ಅರಿಸ್ಟಾದಂಥ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ರೂಟರಿನ ಒಳಗಿನ ಸಾಫ್ಟ್‌ವೇರ್ ಬರೆಯುವವರಿಗೆ ಸಿ ಭಾಷೆ, ಆಪರೇಟಿಂಗ್ ಸಿಸ್ಟಂ, ಡೇಟಾ ಸ್ಟ್ರಕ್ಚರ್ ಗಟ್ಟಿಯಾಗಿ ಗೊತ್ತಿರಬೇಕು. ಲಕ್ಷಗಟ್ಟಲೆ ರೂಟುಗಳಿರುವ ಪಟ್ಟಿಯಲ್ಲಿ ಒಂದು ವಿಳಾಸಕ್ಕೆ ಅತಿ ಉದ್ದವಾಗಿ ಹೊಂದಿಕೆಯಾಗುವ ಪ್ರಿಫಿಕ್ಸನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕುವುದು ಹೇಗೆ ಎಂಬುದು ಅವರ ಪ್ರಶ್ನೆ. ಕಮಾಂಡ್ ಕೊಡಲು ಕಲಿಯುವುದು ಒಂದು ವಿದ್ಯೆ. ಆ ಕಮಾಂಡ್ ಬಂದಾಗ ಒಳಗೆ ಏನು ನಡೆಯಬೇಕೆಂದು ತೀರ್ಮಾನಿಸುವುದು ಇನ್ನೊಂದು ವಿದ್ಯೆ. ನಮ್ಮ ಪದವಿ ಇರುವುದು ಎರಡನೆಯದಕ್ಕೆ.

‘ನೆಟ್‌ವರ್ಕಿಂಗ್‌ಗೆ ಬೇಕಾದದ್ದೆಲ್ಲ ಸಿಸಿಎನ್‌ಎಯಲ್ಲಿದೆ, ಹೆಚ್ಚಿಗೆ ಕಲಿಸಿ ಏನು ಮಾಡುತ್ತೀರಿ’ ಎಂದು ಒಬ್ಬರು ಕೇಳಿದ್ದಾರೆ. ಪಠ್ಯವನ್ನೇ ತೆರೆದು ನೋಡೋಣ. 2020ರ ಫೆಬ್ರವರಿಯಲ್ಲಿ ಸಿಸ್ಕೊ ತನ್ನ ಹಲವು ಸಿಸಿಎನ್‌ಎಗಳನ್ನು ಒಟ್ಟುಗೂಡಿಸಿ ಒಂದೇ ಪರೀಕ್ಷೆ ಮಾಡಿತು. ಅದರಲ್ಲಿ ಐಪಿ ಸಂಪರ್ಕಕ್ಕೆ ಶೇ 25, ಮೂಲ ತತ್ವಗಳಿಗೆ ಶೇ 20, ಸ್ವಿಚ್ ಮತ್ತು ವೈರ್‌ಲೆಸ್‌ಗೆ ಶೇ 20. ಉಳಿದದ್ದು ಭದ್ರತೆ, ಐಪಿ ಸೇವೆ, ಆಟೊಮೇಷನ್. ರೂಟಿಂಗ್ ಪ್ರೋಟೋಕಾಲ್ ಎಂದರೆ ಅಲ್ಲಿ ಮುಖ್ಯವಾಗಿ ಒಂದು ಸಂಸ್ಥೆಯ ಒಳಗಿನ ದಾರಿ ನೋಡಿಕೊಳ್ಳುವ, ಒಂದೇ ಏರಿಯಾದ ಓಎಸ್‌ಪಿಎಫ್. ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್‌ಗಳು ತಮ್ಮತ್ತ ಬರುವ ದಾರಿಯನ್ನು ಪರಸ್ಪರ ಸಾರಲು ಬಳಸುವ ಬಿಜಿಪಿಯ ಸಂರಚನೆಯನ್ನು ಆ ಪರೀಕ್ಷೆ ಕೇಳುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದ ಮಾಯವಾಗಿದ್ದವಲ್ಲ, ಆಗ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳು ಹಿಂತೆಗೆದುಕೊಂಡದ್ದು ಬಿಜಿಪಿಯಲ್ಲಿ ಸಾರುತ್ತಿದ್ದ ದಾರಿಗಳನ್ನೇ. ಅಂದು ಏನಾಯಿತೆಂದು ವಿವರಿಸಲಾಗದವರಿಗೆ ನೆಟ್‌ವರ್ಕ್ಸ್ ಕ್ರೆಡಿಟ್ ಕೊಟ್ಟು ಕಳಿಸಬೇಕೆ?

ಇದಕ್ಕಿಂತ ದೊಡ್ಡ ಕೊರತೆ ದಟ್ಟಣೆ ನಿಯಂತ್ರಣದ್ದು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ದೂರ 400 ಗಜ. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನು ತಾವೇ ಮುಚ್ಚಿಕೊಂಡಿದ್ದವು. ವ್ಯಾನ್ ಜೇಕಬ್ಸನ್ ಅದರ ಕಾರಣ ಹುಡುಕಿ 1988ರಲ್ಲಿ ಪ್ರಕಟಿಸಿದ ಉಪಾಯಗಳ ಬಲದ ಮೇಲೆಯೇ ಇಂಟರ್ನೆಟ್ ಬೆಳೆಯಿತು. ಇದನ್ನು ಲ್ಯಾಬಿನಲ್ಲಿ ತೋರಿಸಲು ಎರಡು ಹಳೆಯ ಲ್ಯಾಪ್‌ಟಾಪ್ ಸಾಕು. ಲಿನಕ್ಸಿನಲ್ಲಿ ಒಂದು ಕಮಾಂಡ್ ಕೊಟ್ಟು 100 ಮಿಲಿಸೆಕೆಂಡ್ ವಿಳಂಬ, ಶೇ 1ರಷ್ಟು ಪ್ಯಾಕೆಟ್ ನಷ್ಟ ಹಾಕಿ. ಕೇಬಲ್ ಅದೇ 100 ಮೆಗಾಬಿಟ್‌ನದು, ಆದರೆ ಫೈಲ್ ಹೋಗುವ ವೇಗ ಕೆಲವೇ ಮೆಗಾಬಿಟ್‌ಗೆ ಇಳಿದುಬಿಡುತ್ತದೆ. ನೂರರಲ್ಲಿ ಒಂದು ಪ್ಯಾಕೆಟ್ ಹೋದರೆ ವೇಗವೂ ನೂರರಲ್ಲಿ ಒಂದು ಪಾಲು ತಾನೇ ಕಮ್ಮಿಯಾಗಬೇಕು ಎಂದು ಮಕ್ಕಳು ಕೇಳುತ್ತಾರೆ. ಆಗ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು, ಒಂದೊಂದು ನಷ್ಟಕ್ಕೂ ವಿಂಡೊ, ಅಂದರೆ ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಡೇಟಾದ ಮಿತಿ, ಹೇಗೆ ಕುಗ್ಗುತ್ತದೆ, ಮತ್ತೆ ಹಿಗ್ಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೆರೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಆ ಪ್ರಶ್ನೆ ಕೇಳಿದವರು ಮುಂದೆ ಮೊಬೈಲ್ ಆ್ಯಪ್ ಬರೆದರೂ ಸರಿ, ಸರ್ವರ್ ನಡೆಸಿದರೂ ಸರಿ, ಉತ್ತರವನ್ನು ಮರೆಯುವುದಿಲ್ಲ.

ನಮ್ಮ ಪಠ್ಯ ಹಳಸಿದೆ ಎಂಬ ಆರೋಪವನ್ನು ನಾನು ಒಪ್ಪುತ್ತೇನೆ. ಎನ್ಎಸ್2 ಸಿಮ್ಯುಲೇಟರಿನ ಕೊನೆಯ ಆವೃತ್ತಿ ಬಂದದ್ದು 2011ರಲ್ಲಿ. ಅದರ ಮೇಲಿನ ಪ್ರಯೋಗಗಳನ್ನು ವರ್ಷ ವರ್ಷವೂ ರೆಕಾರ್ಡ್ ಪುಸ್ತಕಕ್ಕೆ ಇಳಿಸಿದ ಮಕ್ಕಳೆಷ್ಟೋ. ಎ, ಬಿ, ಸಿ ವರ್ಗದ ವಿಳಾಸ ಪದ್ಧತಿಯನ್ನು ಇಂಟರ್ನೆಟ್ 1993ರಲ್ಲೇ ಕೈಬಿಟ್ಟಿತು, ಪರೀಕ್ಷೆಯಲ್ಲಿ ಅದಕ್ಕೆ ಈಗಲೂ ಅಂಕವಿದೆ. ಇದು ನಾಚಿಕೆಗೇಡು. ಆದರೆ ಇದರ ಮದ್ದು ಪಠ್ಯ ತಿದ್ದುವುದು. ಹನ್ನೆರಡು ಹೊಸ ಪ್ರಯೋಗಗಳ ಕರಡನ್ನು ನಾನು ಮಂಡಳಿಗೆ ಕೊಟ್ಟಿದ್ದೇನೆ. ಎಲ್ಲದಕ್ಕೂ ಬೇಕಾದ ಸಾಫ್ಟ್‌ವೇರ್ ಉಚಿತ. ನಮ್ಮ ಕೆಲಸ ನಾವು ಮಾಡಲಿಲ್ಲವೆಂದು ಪಾಠ ಮಾಡುವ ಹೊಣೆಯನ್ನೇ ಪೆಟ್ಟಿಗೆ ಮಾರುವ ಕಂಪನಿಗೆ ಒಪ್ಪಿಸಿದರೆ, ನಾಳೆ ಆ ಕಂಪನಿ ಪಠ್ಯ ಬದಲಿಸಿದಾಗ ‘ಇದನ್ನೇಕೆ ತೆಗೆದಿರಿ’ ಎಂದು ಕೇಳುವ ಹಕ್ಕೂ ನಮಗಿರುವುದಿಲ್ಲ.

ವೈದ್ಯರಿಗೆ, ಲೆಕ್ಕಪರಿಶೋಧಕರಿಗೆ ಲೈಸೆನ್ಸ್ ಇಲ್ಲವೇ ಎಂಬ ಹೋಲಿಕೆಗೆ ಉತ್ತರ ಚಿಕ್ಕದು. ಲೆಕ್ಕಪರಿಶೋಧಕರ ಸಂಸ್ಥೆ 1949ರ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು, ಸಾರ್ವಜನಿಕರಿಗೆ ಉತ್ತರ ಹೇಳಬೇಕಾದದ್ದು. ಸಿಸ್ಕೊ ಉತ್ತರ ಹೇಳುವುದು ತನ್ನ ಷೇರುದಾರರಿಗೆ.

ವಿದೇಶದ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಅಮೆರಿಕದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಕಾಂಪ್‌ಟಿಯಾದಂಥ ಸರ್ಟಿಫಿಕೇಟ್‌ಗಳು ಪದವಿಯ ಭಾಗವೇ ಆಗಿವೆ, ಒಪ್ಪೋಣ. ಆದರೆ ಅವು ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ, ನೆಟ್‌ವರ್ಕ್ ನಿರ್ವಹಣೆಯ ಪದವಿಗಳಲ್ಲಿವೆ, ಮತ್ತು ಆ ಪರೀಕ್ಷೆಗಳ ಖರ್ಚು ಬೋಧನಾ ಶುಲ್ಕದಲ್ಲೇ ಸೇರಿದೆ. ಉದಾಹರಣೆ ಕೊಟ್ಟವರು ಈ ಎರಡು ವಿವರಗಳನ್ನು ಬಿಟ್ಟಿದ್ದಾರೆ.

ನಮ್ಮ ಆಂತರಿಕ ಅಂಕಗಳನ್ನು ಯಾರೂ ನಂಬುವುದಿಲ್ಲ, ಹೊರಗಿನ ಪರೀಕ್ಷೆ ನಿಷ್ಪಕ್ಷಪಾತ ಎನ್ನುತ್ತಾರೆ. ಈ ವಾದ ಮಾಡುವವರು ಹಾಸ್ಟೆಲ್ ಕಡೆ ಒಮ್ಮೆ ಹೋಗಿ ಬರಲಿ. ಪರೀಕ್ಷೆಯ ಪ್ರಶ್ನೆಗಳದ್ದೆಂದು ಹೇಳಿಕೊಳ್ಳುವ ‘ಡಂಪ್’ ಫೈಲುಗಳು ಎಷ್ಟು ಸುಲಭವಾಗಿ ಕೈಗೆ ಸಿಗುತ್ತವೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕಲಿಯಬೇಕೆಂಬ ಆಸೆಯಿಂದ ಬರೆಯುವವರಿಗೆ ಅದರ ಹಂಗಿಲ್ಲ. ಕಡ್ಡಾಯ ಮಾಡಿದ ದಿನ ಡಂಪ್ ಇಡೀ ತರಗತಿಯ ಪಠ್ಯಪುಸ್ತಕವಾಗುತ್ತದೆ.

ಗ್ರಾಮೀಣ ಮಕ್ಕಳಿಗೆ ಇದು ಏಣಿಯಾಗುತ್ತದೆ ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಪರೀಕ್ಷೆಯ ಶುಲ್ಕ 300 ಡಾಲರ್. ತೆರಿಗೆ ಬಿಟ್ಟು 25 ಸಾವಿರ ರೂಪಾಯಿಗೂ ಮೇಲೆ. ನಪಾಸಾದರೆ ಮತ್ತೆ ಅಷ್ಟನ್ನೇ ಕಟ್ಟಬೇಕು. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ. ಆರನೇ ಸೆಮಿಸ್ಟರಿನಲ್ಲಿ ಪಾಸಾದವಳು ಪದವಿ ಪಡೆಯುವ ಹೊತ್ತಿಗೆ ಅದರಲ್ಲಿ ಒಂದು ವರ್ಷ ಹೋಗಿರುತ್ತದೆ, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷವಾದಾಗ ಅದು ಮುಗಿದೇ ಹೋಗುತ್ತದೆ. ಶಿಕ್ಷಣ ಸಾಲ ತೆಗೆದು ಮಗಳನ್ನು ಓದಿಸುತ್ತಿರುವ ಮನೆಯಿಂದ ಈ ಹಣ ಎಲ್ಲಿಂದ ಬರಬೇಕು? ರಿಯಾಯಿತಿ ಕೊಡಿಸುತ್ತೇವೆ ಎನ್ನುತ್ತಾರೆ. ರಿಯಾಯಿತಿ ಇಂದು ಇರುತ್ತದೆ, ನಾಳೆ ಇಲ್ಲ. ಕಾಲೇಜಿನ ನಿಯಮ ಮಾತ್ರ ಹಾಗೇ ಉಳಿಯುತ್ತದೆ. ಕಡ್ಡಾಯ ಮಾಡುವುದೇ ಆದರೆ ಪ್ರತಿ ವಿದ್ಯಾರ್ಥಿಯ ಶುಲ್ಕವನ್ನೂ, ಮರುಪರೀಕ್ಷೆಯದ್ದೂ ಸೇರಿಸಿ, ಕಾಲೇಜೇ ಭರಿಸುತ್ತದೆ ಎಂಬ ಒಂದು ಸಾಲನ್ನು ಪ್ರಸ್ತಾಪಕ್ಕೆ ಸೇರಿಸಿ ಎಂದು ಬರವಣಿಗೆಯಲ್ಲೇ ಕೇಳಿದ್ದೆ. ತಿದ್ದುಪಡಿಯಾಗಿ ಬಂದ ಎರಡನೇ ಕರಡಿನಲ್ಲೂ ಆ ಸಾಲು ಇಲ್ಲ.