ಕಾರಿನ ಪರದೆಯ ಮೇಲೆ ಚೌಕ ಚೌಕ ಕನ್ನಡ! ತಪ್ಪು ಯಾರದು?

ಕನ್ನಡದ ತರುಣರೇ,

ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲವೆಂದರೆ ನೀವು ಸುಮ್ಮನಿರುವವರಲ್ಲ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಗುವ ತನಕ ಬೀದಿಯಲ್ಲಿ ಕೂಗಿದವರು ನೀವು. ಭೇಷ್! ಆದರೆ ನೀವು ದಿನಾ ಹತ್ತುವ ಟ್ಯಾಕ್ಸಿಯಲ್ಲಿ ಡ್ರೈವರ್ ಮುಂದೆ ಇನ್ನೊಂದು ಬೋರ್ಡಿದೆಯಲ್ಲ, ಮುಟ್ಟಿದರೆ ಮಿನುಗುವ ಗಾಜಿನ ಬೋರ್ಡು, ಅದಕ್ಕೆ ಏಣಿ ಹಾಕಿದವರು ಯಾರು?

ನಾನು ಜಡೆಯವನು. ಸೊರಬ ತಾಲ್ಲೂಕಿನ ಜಡೆ. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಅಪ್ಪನ ಕಾಲದ ಪ್ರೆಸ್ಸು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ. ಇಂಥವನಿಗೆ ಕಾರಿನ ಕಂಪ್ಯೂಟರಿನ ಉಸಾಬರಿ ಯಾಕೆ ಅಂತೀರಾ? ಹೇಳುತ್ತೇನೆ.

ಕಳೆದ ವರ್ಷ ಕಾಗದದ ಲೋಡು ತರುತ್ತಿದ್ದ ಬಾಡಿಗೆ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಎಂಜಿನ್ ಕಾದು ಹೋಗಿತ್ತು. ಪರದೆಯ ಮೇಲೆ ಎಚ್ಚರಿಕೆ ಬಂದಿತ್ತಂತೆ. ಇಂಗ್ಲಿಷಿನಲ್ಲಿ! ಏಳನೇ ಕ್ಲಾಸು ಓದಿದ ಡ್ರೈವರ್ ಅದನ್ನು ಸರ್ವಿಸ್ ಮಾಡಿಸಿ ಅನ್ನುವ ಜಾಹೀರಾತು ಅಂದುಕೊಂಡು ಮುಟ್ಟಿ ಅಳಿಸಿದ. ಇನ್ನೂ ಹತ್ತು ಮೈಲಿ ಓಡಿಸಿದ. ರಿಪೇರಿಗೆ ಅವನ ಎರಡು ತಿಂಗಳ ದುಡಿಮೆ ಹೋಯಿತು. "ನೀರು ಖಾಲಿ, ಗಾಡಿ ನಿಲ್ಲಿಸು" ಅಂತ ನಾಲ್ಕು ಪದ ಕನ್ನಡದಲ್ಲಿ ಬಂದಿದ್ದರೆ? ಭಾಷೆ ಅಂದರೆ ಬರೀ ಅಭಿಮಾನವಲ್ಲ ಸ್ವಾಮಿ, ಅನ್ನದ ಲೆಕ್ಕ.

ಒಳಗಿರುವುದು ಏನು?

ಇವತ್ತಿನ ಎಷ್ಟೋ ಕಾರುಗಳ ಪರದೆಯ ಹಿಂದೆ ಕೂತಿರುವುದು ಲಿನಕ್ಸ್. ಅದರಲ್ಲಿ ಒಂದು ಆಟೋಮೋಟಿವ್ ಗ್ರೇಡ್ ಲಿನಕ್ಸ್. ಲಿನಕ್ಸ್ ಫೌಂಡೇಶನ್ 2012ರಲ್ಲಿ ಶುರು ಮಾಡಿದ ಯೋಜನೆ. ಟೊಯೋಟಾದವರು ಅಮೆರಿಕದಲ್ಲಿ ಮಾರಿದ 2018ರ ಕ್ಯಾಮ್ರಿಯಲ್ಲಿ ಇದನ್ನೇ ಹಾಕಿದರು. ಇದರ ಮೂಲ ಬರಹ ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು. ಬೀಗವಿಲ್ಲ. ಬೆಂಗಳೂರಿನಲ್ಲಿ ಕಾರಿನ ತಂತ್ರಾಂಶ ಬರೆಯುವ ಕಚೇರಿಗಳಿಗೆ ಬರವೇ? ಅಲ್ಲಿ ಕೂತವರಲ್ಲಿ ಕನ್ನಡದ ಮಕ್ಕಳು ಇಲ್ಲವೇ? ಹಾಗಾದರೆ ಬೀಗವಿಲ್ಲದ ಮನೆಯಲ್ಲೂ ಕನ್ನಡ ಯಾಕೆ ಜಗುಲಿಯಲ್ಲೇ ನಿಂತಿದೆ?

ಇದರ ಉತ್ತರ ನನಗೆ ಸಿಕ್ಕಿದ್ದು ನನ್ನ ಪ್ರೆಸ್ಸಿನಲ್ಲೇ. ನಮ್ಮಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಸಂದರ್ಶನದಲ್ಲಿ "ಈ ಲಿನಕ್ಸನ್ನು ಒಂದು ಬೋರ್ಡಿನ ಮೇಲೆ ಎಬ್ಬಿಸಿದ್ದೀಯಾ?" ಎಂದು ಕೇಳಿದರಂತೆ. ಇಲ್ಲ ಅಂದ. ವಾಪಸು ಕಳಿಸಿದರು. ರಾತ್ರಿ ಬಸ್ಸು ಹತ್ತಿ ಬಂದವನು ಒಂದು ರಾಸ್ಪ್‌ಬೆರಿ ಪೈ 4 ಬೋರ್ಡು ಕೊಂಡು ನನ್ನ ಡಿಟಿಪಿ ಕಂಪ್ಯೂಟರಿನ ಮುಂದೆ ಹಟ ಹಿಡಿದು ಕೂತ. ಹದಿನೈದು ದಿನ! ಎಡವಿದ ಕಲ್ಲುಗಳೆಲ್ಲ ಸಣ್ಣವೇ. ಆದರೆ ಒಂದಕ್ಕೂ ಕನ್ನಡದಲ್ಲಿ ಉತ್ತರ ಸಿಗಲಿಲ್ಲ. ಅದಕ್ಕೇ ಇಲ್ಲಿ ಅಚ್ಚು ಹಾಕುತ್ತಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

ಮೊದಲ ಕಲ್ಲು: ಕಟ್ಟುವಾಗಲೇ ಮುಗ್ಗರಿಸುವುದು

ಈ ಲಿನಕ್ಸನ್ನು ಮೂಲದಿಂದ ಕಟ್ಟುವುದು ಯೋಕ್ಟೊ ಎಂಬ ಸಲಕರಣೆಯಿಂದ. ಅದರ ಅಡುಗೆ ಭಟ್ಟನ ಹೆಸರು ಬಿಟ್‌ಬೇಕ್. ಈ ಭಟ್ಟನಿಗೆ ಡಿಸ್ಕಿನಲ್ಲಿ ನೂರು ಜಿಬಿಗೂ ಮೀರಿ ಖಾಲಿ ಜಾಗ ಬೇಕು. ರೂಟ್ ಆಗಿ ಓಡಿಸಿದರೆ ಒಲ್ಲೆ ಅನ್ನುತ್ತಾನೆ. ಫೋಲ್ಡರಿನ ದಾರಿಯಲ್ಲಿ ಖಾಲಿ ಜಾಗ ಇದ್ದರೆ ಒಲ್ಲೆ. ತಮಾಷೆ ಕೇಳಿ: ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಕನ್ನಡದ ಲೊಕೇಲ್ ಮಾತ್ರ. "ಅಮೆರಿಕದ ಇಂಗ್ಲಿಷಿನ ಯುಟಿಎಫ್-8 ಲೊಕೇಲ್ ಇಲ್ಲ" ಎಂದು ಭಟ್ಟ ಒಲೆಯನ್ನೇ ಹಚ್ಚಲಿಲ್ಲ. ಹುಡುಗ ಹೆದರಿ ಇಡೀ ಕಂಪ್ಯೂಟರನ್ನೇ ಇಂಗ್ಲಿಷಿಗೆ ತಿರುಗಿಸಲು ಹೊರಟ. ಬೇಕಿಲ್ಲ! ಆ ಲೊಕೇಲನ್ನು ಹೆಚ್ಚಿಗೆ ಒಂದು ಸೇರಿಸಿದರೆ ಸಾಕು, ಕನ್ನಡ ಇದ್ದಲ್ಲೇ ಇರಲಿ.

ನಡುವೆ ಕಂಪೈಲರ್ ತಾನಾಗಿ ಸತ್ತರೆ ನಿಮ್ಮ ತಪ್ಪೆಂದು ತಿಳಿಯಬೇಡಿ. ಮೆಮೊರಿ ಸಾಲದೆ ಕರ್ನೆಲ್ಲೇ ಅದನ್ನು ಕೊಂದಿರುತ್ತದೆ. ಏಕಕಾಲಕ್ಕೆ ಓಡುವ ಕೆಲಸಗಳ ಸಂಖ್ಯೆ ಇಳಿಸಿ ಮತ್ತೆ ಶುರು ಮಾಡಿ. ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಎಲ್ಲ ಅಳಿಸಿ ಮೊದಲಿನಿಂದ ಕೂರಬೇಡಿ. ಮುಗಿದ ಕೆಲಸ ಉಳಿದಿರುತ್ತದೆ, ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಹುಡುಗ ಎರಡು ಸಲ ಎಲ್ಲ ಅಳಿಸಿ ನಾಲ್ಕು ದಿನ ಕಳೆದುಕೊಂಡ.

ಎರಡನೇ ಕಲ್ಲು: ಬೋರ್ಡು ಸತ್ತಿತೇ?

"ಮಾವ, ಬೋರ್ಡು ಸತ್ತಿದೆ" ಅಂತ ಅಳುಮುಖ ಮಾಡಿದ. ಸತ್ತಿರಲಿಲ್ಲ. ಇಮೇಜ್ ಫೈಲನ್ನು ಹಾಡು ಕಾಪಿ ಮಾಡಿದ ಹಾಗೆ ಮೆಮೊರಿ ಕಾರ್ಡಿಗೆ ಹಾಕಿದ್ದ. ಹಾಗಲ್ಲ. ಅದನ್ನು ಬಿಎಂಎಪಿ ಟೂಲ್‌ನಂಥ ಸಲಕರಣೆಯಿಂದ ಇಡೀ ಕಾರ್ಡಿನ ಮೇಲೆ ಬರೆಯಬೇಕು, ಒಂದು ಪಾರ್ಟಿಷನ್ನಿನ ಮೇಲಲ್ಲ. ಪ್ಲೇಟು ಮಾಡದೆ ಹಸ್ತಪ್ರತಿಯನ್ನೇ ಆಫ್‌ಸೆಟ್ ಮೆಷಿನ್ನಿಗೆ ಸುತ್ತಿದರೆ ಅಚ್ಚು ಬೀಳುತ್ತದೆಯೇ?

ಆಮೇಲೂ ಪರದೆ ಕಪ್ಪೇ? ಮೂರು ನೋಡಿ. ಒಂದು, ಕರೆಂಟು: ಈ ಬೋರ್ಡಿಗೆ 5 ವೋಲ್ಟ್, 3 ಆಂಪಿಯರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಸಾಲದು. ಎರಡು, ಬೋರ್ಡಿಗೆ ಎರಡು ಎಚ್‌ಡಿಎಂಐ ಕಿಂಡಿಗಳಿವೆ. ಕರೆಂಟಿನ ಕಿಂಡಿಗೆ ಹತ್ತಿರದ್ದೇ ಮೊದಲನೆಯದು, ಅದಕ್ಕೇ ಕೇಬಲ್ ಹಾಕಿ. ಮೂರು, ಪರದೆಯನ್ನು ನಂಬಬೇಡಿ, ಸೀರಿಯಲ್ ತಂತಿ ಹಾಕಿ. ಯುಎಸ್‌ಬಿಯಿಂದ ಸೀರಿಯಲ್‌ಗೆ ತಿರುಗಿಸುವ ಸಣ್ಣ ತುಂಡು ಸಿಗುತ್ತದೆ. 3.3 ವೋಲ್ಟಿನದೇ ಇರಲಿ, 5 ವೋಲ್ಟಿನದು ಬೋರ್ಡನ್ನು ಸುಡಬಹುದು. ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ ಬರುವಂತೆ ಅಡ್ಡಡ್ಡ ಜೋಡಿಸಿ, ಗ್ರೌಂಡಿಗೆ ಗ್ರೌಂಡು. ವೇಗ 115200. ಏನೂ ಬರದಿದ್ದರೆ ತಂತಿ ಅದಲುಬದಲಾಗಿರಬಹುದು, ಇಲ್ಲವೇ ಕಾನ್ಫಿಗ್ ಫೈಲಿನಲ್ಲಿ ಯುಎಆರ್‌ಟಿ ತೆರೆದಿರಲಿಕ್ಕಿಲ್ಲ. ಕಸದಂಥ ಅಕ್ಷರ ಬಂದರೆ ವೇಗ ತಪ್ಪು. ನುಡಿಯ ಹಳೆಯ ಫೈಲನ್ನು ಬೇರೆ ಫಾಂಟಿನಲ್ಲಿ ತೆರೆದರೆ ಬರುವ ಕಸ ನೆನಪಿದೆಯಲ್ಲ? ಅದೇ ಜಾತಿ. ಬರೆದವನ ಲೆಕ್ಕ ಒಂದು, ಓದುವವನ ಲೆಕ್ಕ ಇನ್ನೊಂದು.

ಚಿತ್ರ ಬಂತು, ಆದರೆ ಅಡ್ಡ ಮಲಗಿದೆಯೇ? ಹೆದರಬೇಡಿ. ಕಾರಿನ ಉದ್ದುದ್ದ ಪರದೆಗೆ ಮಾಡಿದ ಡೆಮೊ ಅದು. ವೆಸ್ಟನ್ನಿನ ಐಎನ್ಐ ಫೈಲಿನಲ್ಲಿ ತಿರುಗಿಸುವ ಸಾಲು ಒಂದಿರುತ್ತದೆ, ಅದನ್ನು ತಿದ್ದಿ.

ಮೂರನೇ ಕಲ್ಲು: ಗಡಿಯಾರ, ಮತ್ತೆ ಗಾಡಿಯ ತಂತಿ

ಇಂಟರ್‌ನೆಟ್ ಇದೆ, ಆದರೂ ಸುರಕ್ಷಿತ ತಾಣ ಒಂದೂ ತೆರೆಯುವುದಿಲ್ಲ. ಯಾಕೆ? ಈ ಬೋರ್ಡಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಎದ್ದ ಕೂಡಲೇ ಯಾವುದೋ ಹಳೆಯ ತಾರೀಖು ಹೇಳುತ್ತದೆ. ತಾರೀಖು ತಪ್ಪಿದರೆ ಪ್ರಮಾಣಪತ್ರ ಒಪ್ಪುವುದಿಲ್ಲ. ಮೊದಲು ತಾರೀಖು ಸರಿ ಮಾಡಿ, ಆಮೇಲೆ ನೆಟ್‌ವರ್ಕಿಗೆ ಬೈಯಿರಿ.

ಗಾಡಿಯ ಭಾಗಗಳು ಮಾತಾಡುವುದು ಕ್ಯಾನ್ ಎಂಬ ಜೋಡಿ ತಂತಿಯ ಮೇಲೆ. 1986ರಲ್ಲಿ ಬಾಷ್ ಕಂಪನಿ ಲೋಕಕ್ಕೆ ತೋರಿಸಿದ್ದು. ಅದರಲ್ಲಿ ಮಾತೇ ಬರದಿದ್ದರೆ ತಂತ್ರಾಂಶ ಬಿಚ್ಚುವ ಮೊದಲು ಕರೆಂಟು ಆರಿಸಿ ಮಲ್ಟಿಮೀಟರ್ ಹಿಡಿಯಿರಿ. ಎರಡು ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರಬೇಕು. ಎರಡೂ ಇದ್ದರೆ ತಂತಿಗಳ ನಡುವೆ 60 ಓಮ್ ತೋರಿಸುತ್ತದೆ. 120 ತೋರಿಸಿದರೆ ಒಂದು ತುದಿ ಬಿಟ್ಟುಹೋಗಿದೆ. ಅದು ಸರಿಯಿದ್ದರೆ ವೇಗ ನೋಡಿ. ತಂತಿಯ ಮೇಲಿರುವ ಎಲ್ಲರಿಗೂ ಒಂದೇ ವೇಗ ಇರಬೇಕು, ಕ್ಯಾನ್ ಇಂಟರ್ಫೇಸನ್ನು ನೀವೇ ಆ ವೇಗ ಹೇಳಿ ಎಬ್ಬಿಸಬೇಕು.

ನಾಲ್ಕನೇ ಕಲ್ಲು: ನಮ್ಮದೇ ಕಲ್ಲು!

ಹದಿಮೂರನೇ ದಿನ ಎಲ್ಲ ಓಡಿತು. ಹುಡುಗ ಪರದೆಯ ಮೇಲೆ "ರಾಷ್ಟ್ರೀಯ ಹೆದ್ದಾರಿ" ಎಂದು ಬರೆಸಲು ಹೊರಟ. ಬಂದದ್ದು ಏನು? ಸಾಲಾಗಿ ಖಾಲಿ ಚೌಕ!

ನಾನು ನಕ್ಕುಬಿಟ್ಟೆ. ಮೊಳೆ ಜೋಡಿಸುವ ಕಾಲದಲ್ಲಿ ಖಾನೆಯಲ್ಲಿ ಒಂದು ಅಕ್ಷರ ಮುಗಿದರೆ ಬೇರೊಂದು ಮೊಳೆಯನ್ನು ತಲೆಕೆಳಗೆ ನಿಲ್ಲಿಸುತ್ತಿದ್ದರು. ಪ್ರೂಫಿನಲ್ಲಿ ಅಲ್ಲಿ ಕಪ್ಪು ಚೌಕ ಬೀಳುತ್ತಿತ್ತು. "ಇಲ್ಲಿ ಅಕ್ಷರ ಬೇಕು, ಖಾನೆಯಲ್ಲಿ ಇಲ್ಲ" ಎಂದು ಅದರ ಅರ್ಥ. ಕಾರಿನ ಚೌಕ ಹೇಳುವುದೂ ಅದೇ. ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂದಲ್ಲ, ಖಾನೆಗೆ ಯಾರೂ ಕನ್ನಡದ ಮೊಳೆ ಹಾಕಿಲ್ಲ!

1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಎಂದು ಬಿಟ್ಟಿ ಫಾಂಟುಗಳು ಬಿದ್ದಿವೆ. ಇಮೇಜಿನ ಪಟ್ಟಿಗೆ ಒಂದು ಫಾಂಟಿನ ಹೆಸರು ಸೇರಿಸಿದರೆ ಆಯಿತು. ಆದರೆ ಇಲ್ಲೂ ಒಂದು ಬಲೆ: ಪಟ್ಟಿಗೆ ಅಪೆಂಡ್ ಮಾಡುವಾಗ ಉದ್ಧರಣ ಚಿಹ್ನೆ ತೆರೆದ ಕೂಡಲೇ ಒಂದು ಖಾಲಿ ಜಾಗ ಬಿಡಬೇಕು. ಬಿಡದಿದ್ದರೆ ಹಿಂದಿನ ಹೆಸರಿಗೆ ಅಂಟಿಕೊಂಡು ಎರಡೂ ಕೆಡುತ್ತವೆ. ಲೊಕೇಲ್ ಪಟ್ಟಿಗೂ ಕನ್ನಡವನ್ನು ಸೇರಿಸಿ. ಅಕ್ಷರ ಬಂದು ಒತ್ತು ಮಾತ್ರ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ ತಪ್ಪು ಫಾಂಟಿನದಲ್ಲ. ಒತ್ತು ಕೂರಿಸುವ ಹಾರ್ಫ್‌ಬಜ್ ಎಂಬ ಕಸುಬುದಾರನನ್ನು ಆ ತಂತ್ರಾಂಶ ಕರೆದಿಲ್ಲ ಎಂದರ್ಥ.

ಎಷ್ಟು ಹೊತ್ತಿನ ಕೆಲಸ? ಒಂದು ಸಂಜೆ! ಒಂದು ಸಂಜೆಯ ಕೆಲಸ ಮಾಡದೆ "ಕನ್ನಡಕ್ಕೆ ಬೇಡಿಕೆ ಇಲ್ಲ" ಅನ್ನುವುದು ಯಾವ ನ್ಯಾಯ? ಖಾನೆಯೇ ಖಾಲಿ ಇಟ್ಟು ಗಿರಾಕಿ ಬರಲಿಲ್ಲ ಎನ್ನುವ ಪ್ರೆಸ್ಸಿನವನನ್ನು ನೀವು ಏನೆಂದು ಕರೆಯುತ್ತೀರಿ?

ಇನ್ನು ನಿಮ್ಮ ಸರದಿ

ಹೊರಗಿನವರನ್ನು ಬೈದು ಕೈ ತೊಳೆಯುವ ಲೇಖನ ಇದಲ್ಲ. ನಾವು ಮುದ್ರಕರೂ ತಪ್ಪು ಮಾಡಿದ್ದೇವೆ. ಹಳೆಯ ಫಾಂಟುಗಳಿಗೆ ಜೋತುಬಿದ್ದು ವರ್ಷಾನುಗಟ್ಟಲೆ ಯೂನಿಕೋಡಿನಿಂದ ದೂರ ಉಳಿದೆವು. ನಮ್ಮ ಕನ್ನಡ ನಮ್ಮ ಕಂಪ್ಯೂಟರಿನಲ್ಲೇ ಕೊಳೆಯಿತು. ಒಪ್ಪುತ್ತೇನೆ. ಆದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತ ತಮ್ಮಂದಿರೇ, ತಂಗಿಯರೇ, ನಿಮ್ಮ ಕೈಯಲ್ಲಿ ಕೀಬೋರ್ಡಿದೆ. ನವೆಂಬರ್ ಒಂದಕ್ಕೆ ಶಾಲು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತೀರಿ. ನವೆಂಬರ್ ಎರಡಕ್ಕೆ ನಿಮ್ಮ ಪರೀಕ್ಷಾ ಪಟ್ಟಿಗೆ ಒಂದು ಸಾಲು ಕನ್ನಡ ಸೇರಿಸುತ್ತೀರಾ? "ಸ್ತ್ರೀ, ರಾಷ್ಟ್ರ, ಕಾರ್ಯ, ಜ್ಞಾನ" ಈ ನಾಲ್ಕು ಪದ ಸರಿಯಾಗಿ ಮೂಡಿದರೆ ಒತ್ತು, ಅರ್ಕಾವೊತ್ತು ಬಹುಪಾಲು ಸರಿಯಿದೆ ಎಂದು ಲೆಕ್ಕ. ಮೂಡದಿದ್ದರೆ ದೋಷ ದಾಖಲಿಸಿ. ಅದಕ್ಕೆ ಧೈರ್ಯವೂ ಬೇಡ, ಏಣಿಯೂ ಬೇಡ.

ಇನ್ನೊಂದು ಕೆಲಸ. ನೀವು ಎಡವಿದ ಕಲ್ಲನ್ನು ಕನ್ನಡದಲ್ಲಿ ಬರೆದಿಡಿ. ಹಳ್ಳಿಯ ಹುಡುಗ ದಡ್ಡನಾಗಿ ಸೋಲುತ್ತಿಲ್ಲ, ಹೇಳುವವರಿಲ್ಲದೆ ಸೋಲುತ್ತಿದ್ದಾನೆ. ತಾಂತ್ರಿಕ ವಿಷಯ ಕನ್ನಡದಲ್ಲಿ ಬರೆಯಲಾಗದು ಎನ್ನುವ ಪಂಡಿತರಿಗೆ ಈ ಪುಟವನ್ನೇ ತೋರಿಸಿ. ಪಿಯುಸಿ ಓದಿದ ಮೊಳೆ ಜೋಡಿಸುವವನ ಮಗ ಬರೆದಿದ್ದಾನೆ ಎಂದು ಹೇಳಿ. ನೀವು ನಾಲ್ಕು ಪುಟ ಬರೆದು ಕಳಿಸಿ. ಕಾಗದ, ಮಸಿ, ಅಚ್ಚಿನ ಕೂಲಿ ನನ್ನದು. ಡಿಪ್ಲೊಮಾ ಹುಡುಗರಿಗೆ ಬಿಟ್ಟಿ ಹಂಚುತ್ತೇನೆ.

ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಶಾಸನಗಳಿವೆ. ಬನವಾಸಿ ನಮಗೆ ನೆರೆಯೂರು. ಕಲ್ಲಿನಲ್ಲಿ ಕೂತ ಅಕ್ಷರ ಗಾಜಿನಲ್ಲಿ ಕೂರುವುದಿಲ್ಲವೇ? ಕೂರುತ್ತದೆ. ಕೂರಿಸುವವರು ಬೇಕು.

ನಮ್ಮ ಹುಡುಗ ಮುಂದಿನ ವಾರ ಮತ್ತೆ ಬೆಂಗಳೂರು ಬಸ್ಸು ಹತ್ತುತ್ತಾನೆ. ಈ ಸಲ ಚೀಲದಲ್ಲಿ ಓಡುವ ಬೋರ್ಡಿದೆ. ಪರದೆಯ ಮೇಲೆ ದೊಡ್ಡದಾಗಿ, ಒತ್ತು ಸಮೇತ: "ನೀರು ಖಾಲಿ, ಎಂಜಿನ್ ಬಿಸಿ. ಗಾಡಿ ನಿಲ್ಲಿಸಿ."