ಆರೋಗ್ಯ ಚಿಂತನ: ನೋಯದ ಗಡ್ಡೆಯ ಉಪೇಕ್ಷೆ ಸಲ್ಲದು



ದುಡಿಯುವ ಜೀವಕ್ಕೆ ಕೈಗಳೇ ಬಂಡವಾಳ. ನೊಂದ ಕೈಯನ್ನು ನಾವು ಕೂಡಲೇ ಉಪಚರಿಸುತ್ತೇವೆ. ನೋವಿಲ್ಲದ ದೋಷವನ್ನು ಮಾತ್ರ ವರ್ಷಗಟ್ಟಲೆ ಮರೆತಿರುತ್ತೇವೆ.

ನಮ್ಮ ಪರಿಚಯದ ತಾಯಿಯೊಬ್ಬರಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೆತ್ತನೆಯ ಉಬ್ಬೊಂದು ಕಾಣಿಸಿಕೊಂಡಿತು. ನೋವಿಲ್ಲವೆಂದು ಅವರು ನಾಲ್ಕೈದು ವರ್ಷ ಸುಮ್ಮನಿದ್ದರು. ಅದು ನಿಂಬೆಹಣ್ಣಿನ ಗಾತ್ರವನ್ನು ಮೀರಿದಾಗ ರೊಟ್ಟಿ ಬಡಿಯುವುದು ಕಷ್ಟವಾಯಿತು. ರಾತ್ರಿ ಬೆರಳುಗಳು ಜೋಮು ಹಿಡಿಯತೊಡಗಿದವು. ಬರೆ ಹಾಕಿಸಿಕೊಳ್ಳಿರೆಂದು ಕೆಲವರು ಹೇಳಿದರು. ಕ್ಯಾನ್ಸರ್ ಇದ್ದೀತೆಂದು ಕೆಲವರು ಹೆದರಿಸಿದರು. ಕೊನೆಗೆ ಮಗನು ಅವರನ್ನು ಶಸ್ತ್ರವೈದ್ಯರ ಬಳಿಗೆ ಕರೆದೊಯ್ದನು.

ಅದು ‘ಲಿಪೋಮಾ’ ಎಂಬ ಕೊಬ್ಬಿನ ಗಡ್ಡೆ. ಕೊಬ್ಬಿನ ಕೋಶಗಳು ತೆಳುವಾದ ಪೊರೆಯೊಳಗೆ ಗುಂಪುಗೂಡಿ ನಿಧಾನವಾಗಿ ಬೆಳೆಯುವುದೇ ಅದರ ಸ್ವರೂಪ. ಬೆನ್ನು, ಹೆಗಲು, ತೋಳುಗಳಲ್ಲಿ ಇದು ಸಾಮಾನ್ಯ, ಅಂಗೈಯಲ್ಲಿ ವಿರಳ. ಅಂಗೈಯಲ್ಲಿ 5 ಸೆಂಟಿಮೀಟರ್ ಮೀರಿದುದನ್ನು ಬೃಹತ್ ಗಡ್ಡೆಯೆಂದು ವೈದ್ಯರು ಗಣಿಸುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಅಂಗೈಯಲ್ಲಿ ಸ್ಥಳ ಕಿರಿದು, ಮೇಲಿನ ಪದರ ಬಿಗಿ. ಆದುದರಿಂದ ಬೆಳೆಯುವ ಗಡ್ಡೆಯು ನರಗಳನ್ನು ಒತ್ತುತ್ತದೆ. ಮೀಡಿಯನ್ ನರವು ಒತ್ತಲ್ಪಟ್ಟರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಅಲ್ನಾರ್ ನರವಾದರೆ ಕಿರುಬೆರಳು ಹಾಗೂ ಉಂಗುರಬೆರಳು. ಹಿಡಿತವೂ ಕುಂದಬಹುದು.

ಕೈಯಿಂದ ಮುಟ್ಟಿ ನೋಡಿದ ಮಾತ್ರಕ್ಕೆ ರೋಗನಿರ್ಣಯ ಮುಗಿಯದು. ದ್ರವ ತುಂಬಿದ ಗ್ಯಾಂಗ್ಲಿಯನ್, ರಕ್ತನಾಳದ ಗಡ್ಡೆ, ನರದ ಗಡ್ಡೆ ಇವೂ ಹೀಗೆಯೇ ತೋರಬಹುದು. ಅಲ್ಟ್ರಾಸೌಂಡ್ ಪರೀಕ್ಷೆಯು ಗಡ್ಡೆಯಲ್ಲಿ ದ್ರವವಿದೆಯೋ ಇಲ್ಲವೋ ಎಂಬುದನ್ನು ತಿಳಿಸುತ್ತದೆ. ದೊಡ್ಡದಾದ, ಆಳದಲ್ಲಿರುವ ಗಡ್ಡೆಗೆ ಎಂ.ಆರ್.ಐ. ಉತ್ತಮ ಸಾಧನ. ಅದರಲ್ಲಿ ಲಿಪೋಮಾ ಚರ್ಮದಡಿಯ ಕೊಬ್ಬಿನಂತೆಯೇ ಕಾಣುತ್ತದೆ. ನರ, ರಕ್ತನಾಳಗಳಿಗೆ ಅದು ಎಷ್ಟು ಸಮೀಪವಿದೆಯೆಂಬುದೂ ತಿಳಿಯುತ್ತದೆ. ಒಳಗೆ ದಪ್ಪ ಪದರಗಳು ಅಥವಾ ಕೊಬ್ಬಲ್ಲದ ಭಾಗಗಳು ಕಂಡರೆ, ಗಡ್ಡೆ ಬೇಗಬೇಗನೆ ಬೆಳೆಯುತ್ತಿದ್ದರೆ, ಲೈಪೋಸಾರ್ಕೋಮಾ ಎಂಬ ಮಾರಕ ಗಡ್ಡೆಯ ಸಂದೇಹ ಬರುತ್ತದೆ. ಆಗ ಮೊದಲು ಸೂಜಿಯಿಂದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುವುದುಂಟು.

ಲೇಪ, ಪಥ್ಯ, ತೂಕ ಇಳಿಕೆಗಳಿಂದ ಈ ಗಡ್ಡೆ ಕರಗದು. ಬರೆ ಹಾಕಿದರೆ ಗಾಯವೂ ಕೀವೂ ಸೇರಿಕೊಂಡಾವು. ಶಸ್ತ್ರಚಿಕಿತ್ಸೆಯೇ ಮಾರ್ಗ. ತೋಳಿಗೆ ಅರಿವಳಿಕೆ ಕೊಟ್ಟು, ಪಟ್ಟಿಯಿಂದ ರಕ್ತಸಂಚಾರವನ್ನು ಕೆಲಕಾಲ ತಡೆದು, ನರಗಳನ್ನು ಎಚ್ಚರದಿಂದ ಬಿಡಿಸಿ, ಗಡ್ಡೆಯನ್ನು ಪೊರೆಸಹಿತ ಹೊರತೆಗೆಯುತ್ತಾರೆ. ಸಂಪೂರ್ಣವಾಗಿ ತೆಗೆದರೆ ಅದು ಮರುಕಳಿಸುವುದು ವಿರಳ. ತೆಗೆದ ಗಡ್ಡೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ಪಡೆಯುವುದನ್ನು ಮರೆಯಬಾರದು. ಅಂತಿಮ ನಿರ್ಣಯ ದೊರೆಯುವುದು ಅಲ್ಲಿಯೇ. ಬಳಿಕ ಕೆಲದಿನ ಕೈಯನ್ನು ಎತ್ತರದಲ್ಲಿರಿಸಿ, ವೈದ್ಯರು ಹೇಳಿದಂತೆ ಬೆರಳುಗಳನ್ನು ಆಡಿಸುತ್ತಿರಬೇಕು.

ಆ ತಾಯಿಯ ವರದಿಯಲ್ಲಿ ದೋಷವೇನೂ ಇರಲಿಲ್ಲ. ಈಗ ಅವರು ಎಂದಿನಂತೆ ರೊಟ್ಟಿ ಬಡಿಯುತ್ತಾರೆ. ಆದರೆ ತೋರುಬೆರಳಿನ ತುದಿಗೆ ಹಿಂದಿನ ಸ್ಪರ್ಶಜ್ಞಾನ ಪೂರ್ಣವಾಗಿ ಮರಳಿಲ್ಲ. ಬಹುಕಾಲ ಒತ್ತಲ್ಪಟ್ಟ ನರವು ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಕೆಲವೊಮ್ಮೆ ಪೂರ್ಣ ಗುಣ ಸಿಗದೆಯೂ ಹೋದೀತು. ‘ನೋಯಲಿಲ್ಲವಲ್ಲ, ಅದಕ್ಕೇ ಬಿಟ್ಟೆ’ ಎಂದು ಅವರು ಇಂದಿಗೂ ಹಳಹಳಿಸುತ್ತಾರೆ.

ಮನೆಯ ಹಿರಿಯರ ಕೈಗಳನ್ನು ಇಂದು ಸಂಜೆ ಒಮ್ಮೆ ಹಿಡಿದು ನೋಡಿರಿ. ಗಡ್ಡೆ ಕಂಡರೆ ಹೆದರಬೇಡಿರಿ, ಹೆದರಿಸಬೇಡಿರಿ, ತಡವೂ ಮಾಡಬೇಡಿರಿ.