ಕತ್ತುನೋವೂ ನಮ್ಮ ಹೆಣ್ಣುಮಕ್ಕಳೂ

ಕತ್ತುನೋವೆಂಬುದು ಹೆಂಗಸರು ಸಹಿಸಿಕೊಂಡೇ ತೀರಬೇಕಾದ ಕಷ್ಟವೆಂಬ ಭಾವನೆಯು ನಮ್ಮ ಸೀಮೆಯಲ್ಲಿ ಬಲವಾಗಿ ಬೇರೂರಿದೆ. ಇದು ತಪ್ಪೆಂಬುದು ನಮ್ಮ ಅಭಿಪ್ರಾಯವು. ಈ ನೋವಿಗೆ ಬಹುಮಟ್ಟಿಗೆ ಕಾರಣವುಂಟು, ಪರಿಹಾರವೂ ಉಂಟು.

ಕತ್ತಿನ ಏಳು ಮೂಳೆಗಳು ಸುಮಾರು 5 ಕಿಲೋಗ್ರಾಂ ತೂಕದ ತಲೆಯನ್ನು ಹೊತ್ತಿರುವುವು. ತಲೆಯು ಮುಂದಕ್ಕೆ ಬಾಗಿದಷ್ಟೂ ಹಿಂಗತ್ತಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುವುದು. 60 ಡಿಗ್ರಿಯಷ್ಟು ಬಾಗಿದಾಗ ಕತ್ತಿನ ಮೇಲೆ ಬೀಳುವ ಭಾರವು ಸುಮಾರು 27 ಕಿಲೋಗ್ರಾಂ ಎಂದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರವು ತಿಳಿಸುತ್ತದೆ. ಚನ್ನಗಿರಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರೂ, ಹೊನ್ನಾಳಿ ನ್ಯಾಮತಿಗಳ ಗದ್ದೆಯಲ್ಲಿ ನಾಟಿ ಮಾಡುವವರೂ, ಜಗಳೂರಿನ ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವವರೂ ಗಂಟೆಗಟ್ಟಲೆ ಹೀಗೆಯೇ ಬಾಗಿರುವರು. ಬಾಲಿಕೆಯರಿಗಾದರೋ ಮೊಬೈಲೂ ಪುಸ್ತಕದ ಚೀಲವೂ ಸೇರಿವೆ. ಒಂಬತ್ತು ಹತ್ತನೆಯ ತರಗತಿಯವರ ಚೀಲವು 5 ಕಿಲೋಗ್ರಾಂ ಮೀರಕೂಡದೆಂದು 2019ರಲ್ಲಿಯೇ ಸರ್ಕಾರದ ಆಜ್ಞೆಯಾಗಿದೆ. ಮಾತಾಪಿತೃಗಳು ಒಮ್ಮೆ ತೂಗಿ ನೋಡತಕ್ಕದ್ದು.

ಫಿಸಿಯೋಥೆರಪಿಯೆಂದರೆ ಬರಿಯ ಶಾಖ ಕೊಡುವುದೆಂದು ಅನೇಕರು ತಿಳಿದಿರುವರು. ಶಾಖವು ನೋವನ್ನು ಕೊಂಚ ಕಾಲ ತಗ್ಗಿಸುವುದು ನಿಜ; ಆದರೆ ಚಿಕಿತ್ಸೆಯ ಜೀವಾಳವು ವ್ಯಾಯಾಮವೇ. ಚಿಕಿತ್ಸಕರು ಕತ್ತು, ಹೆಗಲು, ತೋಳುಗಳ ಚಲನೆಯನ್ನೂ ಬಲವನ್ನೂ ಪರೀಕ್ಷಿಸಿ, ರೋಗಿಯ ಕೆಲಸದ ರೀತಿಯನ್ನು ವಿಚಾರಿಸಿ, ಅದಕ್ಕೆ ತಕ್ಕ ಅಭ್ಯಾಸಗಳನ್ನು ಕಲಿಸುವರು. ಗದ್ದವನ್ನು ಮೆಲ್ಲನೆ ಹಿಂದಕ್ಕೆಳೆದು ಹಿಡಿಯುವುದು ಅಂಥವುಗಳಲ್ಲೊಂದು. ಇವನ್ನು ಪ್ರತಿದಿನವೂ ಕೆಲವು ವಾರಗಳವರೆಗೆ ಮಾಡಬೇಕು. ನಾಲ್ಕು ದಿನ ಮಾಡಿ ಬಿಟ್ಟರೆ ಫಲವಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ಲಟಿಕೆ ತೆಗೆಯಿಸುವುದಂತೂ ಕೂಡದು. ಮಿದುಳಿಗೆ ರಕ್ತವೊಯ್ಯುವ ನಾಳಕ್ಕೆ ಅದರಿಂದ ಹಾನಿಯಾಗಬಹುದು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡೆ ತಪ್ಪಿದರೆ, ನೋವಿನೊಡನೆ ಜ್ವರವಿದ್ದರೆ, ಅಥವಾ ಬಿದ್ದ ಮೇಲೆ ನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಆದರೆ ಚಿಕಿತ್ಸೆ ಪಡೆದು ಬಂದವಳನ್ನು ಪುನಃ ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸಕ್ಕೆ ಕೂರಿಸಿದರೆ ವ್ಯಾಯಾಮವು ಏನು ಮಾಡೀತು? ಅರ್ಧ ಗಂಟೆಗೊಮ್ಮೆ ಎದ್ದು ಮೈಮುರಿಯಲು ಅವಳಿಗೆ ಅವಕಾಶವಿರಬೇಕು. ನೀರು ಹೊರುವುದನ್ನೂ ಹಿಟ್ಟು ನಾದುವುದನ್ನೂ ಮನೆಯ ಗಂಡಸರು ಹಂಚಿಕೊಳ್ಳಬೇಕು. ಗಂಡನಿಗೆ ಕಾಲು ಉಳುಕಿದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯುವ ಮನೆಯು, ಹೆಂಡತಿಯ ಕತ್ತುನೋವನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡುವುದು ನ್ಯಾಯವಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ವಿಷಯವನ್ನು ತಮ್ಮ ನೆರೆಹೊರೆಯ ತಾಯಂದಿರಿಗೆ ತಿಳಿಸಿಕೊಡುವರೆಂದೂ, ಅವರ ಪುತ್ರಿಯರಲ್ಲಿ ಕೆಲವರಾದರೂ ಈ ಉಪಯುಕ್ತ ವಿದ್ಯೆಯನ್ನು ಕಲಿತು ಸ್ವಂತ ತಾಲ್ಲೂಕಿಗೆ ಹಿಂದಿರುಗುವರೆಂದೂ ನಂಬಿರುತ್ತೇವೆ.